ಊರು ಬಿಡಲು ಒಂದು ಮುದ್ರೆ

ಹೊಟ್ಟೆಪಾಡಿಗೆಂದು ಊರು ಬಿಟ್ಟ ನಾವು ಟ್ರಂಕು, ಹಾಸಿಗೆ ಸುರುಳಿ ಹೊತ್ತು ರೈಲು ಹತ್ತಿದಾಗ ಯಾವ ಪೊಲೀಸ್ ಠಾಣೆಯ ಅಪ್ಪಣೆಯನ್ನೂ ಕೇಳಿರಲಿಲ್ಲ. ಸೋವಿಯತ್ ಒಕ್ಕೂಟದ ರೈತನಿಗೆ ಈ ಭಾಗ್ಯವಿರಲಿಲ್ಲ.

ಝಾರ್ ದೊರೆಗಳ ಕಾಲದಲ್ಲಿ ದೇಶದೊಳಗೆ ತಿರುಗಾಡಲೂ ಪಾಸ್‌ಪೋರ್ಟ್ ಬೇಕಿತ್ತು. ಅದನ್ನು ರದ್ದುಮಾಡಬೇಕೆಂದು 1903ರಲ್ಲಿ ಹಳ್ಳಿಯ ಬಡವರಿಗಾಗಿ ಬರೆದ ಕಿರುಹೊತ್ತಗೆಯಲ್ಲಿ ವಾದಿಸಿದವರು ಸ್ವತಃ ಲೆನಿನ್. ಕ್ರಾಂತಿಯ ನಂತರ ಅದು ಹೋಯಿತು. ಆದರೆ ಬಲಾತ್ಕಾರದ ಸಾಮೂಹಿಕ ಬೇಸಾಯ, ಧಾನ್ಯ ವಸೂಲಿಗಳಿಂದ ಹಳ್ಳಿಗಳು ಹಸಿದು, ಜನ ಪಟ್ಟಣಗಳಿಗೆ ಗುಳೆ ಹೊರಟಾಗ, 1932ರ ಡಿಸೆಂಬರ್ 27ರಂದು ಸ್ಟಾಲಿನ್ ಸರಕಾರ ಅದನ್ನೇ ಮರಳಿ ತಂದಿತು.

ಪಟ್ಟಣಿಗರಿಗೆ ಪಾಸ್‌ಪೋರ್ಟ್; ವಾಸದ ವಿಳಾಸಕ್ಕೆ ಪೊಲೀಸರ ಮುದ್ರೆ. ಇದಕ್ಕೆ 'ಪ್ರೊಪಿಸ್ಕಾ' ಎಂದು ಹೆಸರು. ಅದಿಲ್ಲದವನಿಗೆ ಮಾಸ್ಕೋದಲ್ಲಿ ನ್ಯಾಯವಾಗಿ ಕೆಲಸವೂ ಇಲ್ಲ, ಮನೆಯೂ ಇಲ್ಲ. ಬೀದಿಗೊಬ್ಬ ಪೊಲೀಸನೂ ಬೇಕಿರಲಿಲ್ಲ. ವಠಾರದ ಮೇಲ್ವಿಚಾರಕ, ಕಾರ್ಖಾನೆಯ ಗುಮಾಸ್ತರೇ ಕಾಗದ ಕೇಳುತ್ತಿದ್ದರು. ಸಾಮೂಹಿಕ ಹೊಲಗಳ ಬಹುಪಾಲು ರೈತರಿಗಂತೂ ಪಾಸ್‌ಪೋರ್ಟೇ ಸಿಗಲಿಲ್ಲ. 1933ರ ಜನವರಿ 22ರಂದು ಉಕ್ರೇನ್, ಕುಬಾನ್ ಪ್ರಾಂತಗಳ ರೈತರು ಹೊರಹೋಗದಂತೆ ಆಜ್ಞೆಯಾಯಿತು. ರೈಲು ಟಿಕೆಟ್ ನಿಂತಿತು. ಸಿಕ್ಕಿಬಿದ್ದವರಲ್ಲಿ ಬಹಳ ಮಂದಿಯನ್ನು ಹಸಿದ ಹಳ್ಳಿಗೇ ಅಟ್ಟಲಾಯಿತು. ಲಕ್ಷಾಂತರ ಜನ ಅಲ್ಲಿಯೇ ಸತ್ತರು.

ಹಳ್ಳಿಗರಿಗೆಲ್ಲ ಪಾಸ್‌ಪೋರ್ಟ್ ಕೊಡುವ ತೀರ್ಮಾನವಾದದ್ದು 1974ರಲ್ಲಿ. ಕೈಗೆ ಸಿಗತೊಡಗಿದ್ದು 1976ರಿಂದ. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1993ರಲ್ಲಿ, ರಷ್ಯದ ಕಾನೂನು ಅಪ್ಪಣೆಯ ಬದಲು ನೋಂದಣಿಯನ್ನು ತಂದಿತು.

ಬಾಡಿಗೆ ಮನೆಗೆ, ರೇಷನ್ ಕಾರ್ಡಿಗೆ ನಾವೂ ಅಲೆದಿದ್ದೇವೆ. 'ಹೊರಗಿನವರು' ಎಂಬ ಮಾತನ್ನೂ ಕೇಳಿದ್ದೇವೆ. ಆದರೂ ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಅದರ ಬೆಲೆ ತಿಳಿಯಬೇಕಾದರೆ ಅದಿಲ್ಲದವರ ಕಥೆಯನ್ನೂ ನಾವು ಓದಬೇಕು.