ಎಂಟು ವಾರದ ಲೆಕ್ಕ

ರಜೆ ಹಾಕಿ ಊರಿಗೆ ಬಂದು ಇವತ್ತಿಗೆ ಹನ್ನೊಂದು ದಿನ. ಅರಕಲಗೂಡಿನಿಂದ ರಾಮನಾಥಪುರದ ಕಡೆ ಹೋಗೋ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮೂರು. ಶ್ರಾವಣದ ಜಿಟಿಜಿಟಿ ಮಳೆ. ಜಗಲಿ ಮೇಲೆ ಕಾಲು ಚಾಚಿ ಕೂತು ಎದುರು ಮನೆಯ ಹಸು ಮೆಲುಕು ಹಾಕೋದನ್ನ ನೋಡೋದೇ ಸದ್ಯಕ್ಕೆ ನನ್ನ ಉದ್ಯೋಗ. ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿ ಕೋಡ್ ಬರೀತಿರೋ ನಾನು ಇಷ್ಟು ಹೊತ್ತು ಸುಮ್ಮನೆ ಕೂತಿದ್ದು ಬಹುಶಃ ಇದೇ ಮೊದಲು.

ಮೊದಲೆರಡು ದಿನ ಕೈ ತಾನಾಗೇ ಲ್ಯಾಪ್‌ಟಾಪ್ ಹುಡುಕ್ತಿತ್ತು. ಮೂರನೇ ದಿನ ಬೇಜಾರು. ನಾಲ್ಕನೇ ದಿನದಿಂದ ಏನೋ ತಪ್ಪು ಮಾಡಿದ ಹಾಗೆ ಕಸಿವಿಸಿ. ಯಾಕಂದ್ರೆ ರಜೆ ಹಾಕುವಾಗ ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ಈಗ್ಲೇ ಯಾಕೆ ಹಾಕ್ತೀಯ? ಮಗು ಆದ್ಮೇಲೆ ಬೇಕಾಗುತ್ತೆ, ಉಳಿಸ್ಕೋ." ಹೇಳಿದವರು ಕೆಟ್ಟವರಲ್ಲ, ಹೆಚ್ಚಿನವರು ಇದನ್ನೆಲ್ಲ ದಾಟಿ ಬಂದ ಹೆಂಗಸರೇ. ಅವರಲ್ಲಿ ಒಬ್ಬಳು ಹಿಂದಿನ ದಿನ ಸಂಜೆವರೆಗೂ ಕಾಲ್‌ನಲ್ಲಿದ್ದು ಬೆಳಗ್ಗೆ ಆಸ್ಪತ್ರೆ ಸೇರಿದ್ದಳು. ಅವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಒಟ್ಟು 26 ವಾರದ ಸಂಬಳದ ರಜೆ. ಹೆರಿಗೆಗೆ ಮುಂಚೆ ಎಂಟು ತಗೊಂಡ್ರೆ ಆಮೇಲೆ ಉಳಿಯೋದು 18. ನನಗೆ ಬಿಪಿ ಸ್ವಲ್ಪ ಏರಿತ್ತು, ಡಾಕ್ಟರ್ ವಿಶ್ರಾಂತಿ ಅಂದ್ರು, ಬಂದೆ. ಆದರೂ ಜಗಲಿ ಮೇಲೆ ಕೂತ ಒಂದೊಂದು ದಿನವನ್ನೂ ಇನ್ನೂ ಹುಟ್ಟದ ಮಗುವಿನ ಪಾಲಿನಿಂದ ಕಿತ್ಕೊಳ್ತಾ ಇದ್ದೀನಿ ಅನ್ನಿಸ್ತಿತ್ತು.

ಕೂತವಳ ತಲೆ ಸುಮ್ಮನಿರಲ್ಲ. ಈ ಎಂಟು ವಾರ ಎಲ್ಲಿಂದ ಬಂತು, ಯಾರು ಕೊಡಿಸಿದ್ದು ಅಂತ ಹುಡುಕಿ ಓದೋಕೆ ಶುರು ಮಾಡ್ದೆ. ಹೊತ್ತು ಕಳೆಯೋಕೆ ಹಿಡಿದ ಕೆಲಸ ಅದು. ಓದ್ತಾ ಓದ್ತಾ ನನ್ನ ಕಸಿವಿಸಿಯ ಸ್ವರೂಪವೇ ಬದಲಾಯ್ತು.

ಕಾನೂನಿಗಿಂತ ಮುಂಚೆ ನಮ್ಮಲ್ಲಿ ಇದ್ದದ್ದು ತವರು. ಚೊಚ್ಚಲಿಗೆ ಮಗಳನ್ನ ಕರ್ಕೊಂಡು ಬರೋದು, ಸೀಮಂತ, ಮಡಿಲು ತುಂಬೋದು, ಬಯಕೆ ಊಟ. ಇದನ್ನೆಲ್ಲ ಶಾಸ್ತ್ರ ಅಂತ ಮಾತ್ರ ನೋಡ್ತಿದ್ದೆ. ಈಗ ನೋಡಿದ್ರೆ ಇದರೊಳಗೆ ಒಂದು ರಜೆ ನಿಯಮವೂ ಇದೆ. ಗಂಡನ ಮನೆಯ ನೀರು, ಸೌದೆ, ಸಗಣಿ, ಕಳೆ ಕೆಲಸದಿಂದ ಹುಡುಗಿಯನ್ನ ಬಿಡಿಸಿ ತರೋದಕ್ಕೆ, ಯಾರೂ ಬೇಡ ಅನ್ನಲಾಗದಂಥ ಕಾರಣ ಅದು. ಆದರೆ ಆ ನಿಯಮಕ್ಕೂ ಷರತ್ತುಗಳಿದ್ದವು. ಮೊದಲ ಹೆರಿಗೆಗೆ ಇದ್ದ ಉಪಚಾರ ಮೂರನೆಯದಕ್ಕೆ ಇರ್ತಿರಲಿಲ್ಲ. ಕರ್ಕೊಂಡು ಹೋಗೋಕೆ ತವರು ಇರಬೇಕಿತ್ತು, ತವರಲ್ಲಿ ಒಂದು ಬಾಯಿಗೆ ಹೆಚ್ಚಿನ ಅನ್ನ ಇರಬೇಕಿತ್ತು. ನಮ್ಮಜ್ಜಿಗೆ ತಾಯಿ ಇರಲಿಲ್ಲ. ದೊಡ್ಡಪ್ಪನ್ನ ಹೆತ್ತಿದ್ದು ರಾಗಿ ಹೊಲದಲ್ಲಿ ಕಳೆ ಕೀಳ್ತಿದ್ದಾಗ ನೋವು ಬಂದು, ಬದುವಿನ ಹೊಂಗೆ ಮರದ ಕೆಳಗೆ. ಅಜ್ಜಿ ಇದನ್ನ ಹೇಳುವಾಗ ನಗ್ತಿದ್ಲು: "ಹೊಟ್ಟೆ ನೋವು ಅಂದ್ಕೊಂಡೆ ಕಣವ್ವ, ಇನ್ನೊಂದ್ ಸಾಲು ಮುಗಿಸ್ಬುಡಾನ ಅಂತಿದ್ದೆ." ನಾವೂ ನಗ್ತಿದ್ವಿ. ಈಗ ನನಗೆ ನಗು ಬರ್ತಿಲ್ಲ.

ಕಾನೂನಿನ ಕಥೆ ಶುರುವಾಗೋದು ಹತ್ತಿಗಿರಣಿಗಳಲ್ಲಿ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ, ಕಾರ್ಖಾನೆಯಲ್ಲಿ ದುಡಿಯೋ ಹೆಂಗಸಿಗೆ ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಆರು ವಾರ ಬಿಡುವು ಬೇಕು ಅಂತ ಒಪ್ಪಂದ ಮಾಡ್ತು. ಬ್ರಿಟಿಷ್ ಭಾರತ ಅದನ್ನ ಜಾರಿಗೆ ತರಲಿಲ್ಲ. 1924ರಲ್ಲಿ ಕಾರ್ಮಿಕ ನಾಯಕ ಎನ್. ಎಂ. ಜೋಶಿ ಕೇಂದ್ರ ಶಾಸನ ಸಭೆಯಲ್ಲಿ ಮಸೂದೆ ತಂದ್ರು, ಅದೂ ಬಿದ್ದು ಹೋಯ್ತು. ಕೊನೆಗೆ ಮುಂಬಯಿ ಪ್ರಾಂತ್ಯ 1929ರಲ್ಲಿ ದೇಶದ ಮೊದಲ ಹೆರಿಗೆ ಸೌಲಭ್ಯ ಕಾಯ್ದೆ ಮಾಡಿತು.

ಅದಕ್ಕೆ ಒಂದು ವರ್ಷ ಮುಂಚೆ, 1928ರ ಜುಲೈನಲ್ಲಿ, ಈ ಮಸೂದೆ ಬಗ್ಗೆ ಮುಂಬಯಿ ಶಾಸನ ಪರಿಷತ್ತಿನಲ್ಲಿ ಅಂಬೇಡ್ಕರ್ ಮಾತಾಡಿದ್ರು. ಅವರ ವಾದದ ಸಾರ ಇಷ್ಟು: ತಾಯಿಗೆ ಹೆರಿಗೆಗೆ ಮುಂಚೆಯೂ ಆಮೇಲೂ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತದ ವಿಷಯ. ದೇಶದ ಹಿತ ಅಂದ್ಮೇಲೆ ಖರ್ಚಿನ ದೊಡ್ಡ ಭಾಗವನ್ನ ಸರ್ಕಾರ ಹೊರಬೇಕು ನಿಜ, ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯೋ ಮಾಲೀಕನೂ ಕೈ ತೊಳ್ಕೊಳ್ಳೋಕಾಗಲ್ಲ. ಇದನ್ನ ಓದುವಾಗ ನಾನು ನಿಂತಿದ್ದು 'ಮುಂಚೆಯೂ' ಅನ್ನೋ ಮಾತಿನ ಹತ್ತಿರ. ನಮಗೆ ಹೆರಿಗೆ ರಜೆ ಅಂದ್ರೆ ಬಾಣಂತನದ ರಜೆ. ಇದಕ್ಕಾಗಿ ಮೊದಲು ವಾದ ಮಾಡಿದವರ ಮನಸ್ಸಲ್ಲಿ, ಮಗ್ಗದ ಮುಂದೆ ದಿನವಿಡೀ ನಿಂತು ದುಡಿಯೋ ತುಂಬು ಬಸುರಿಯೂ ಇದ್ದಳು.

ಸ್ವಾತಂತ್ರ್ಯ ಬಂದ ಮೇಲೆ, 1961ರ ಡಿಸೆಂಬರ್‌ನಲ್ಲಿ, ಇಡೀ ದೇಶಕ್ಕೆ ಒಂದು ಕಾಯ್ದೆ ಆಯ್ತು. ಒಟ್ಟು 12 ವಾರ. ಅದರ ಹಂಚಿಕೆ ನೋಡಿ: ಹೆರಿಗೆಯ ದಿನದವರೆಗೆ ಆರು, ಆಮೇಲೆ ಆರು. ಈ ಕಡೆಯದನ್ನ ಆ ಕಡೆ ಹಾಕಿಕೊಳ್ಳೋ ಹಾಗಿರಲಿಲ್ಲ. 1988ರ ತಿದ್ದುಪಡಿ ಈ ಗೆರೆಯನ್ನ ಅಳಿಸಿತು. 12 ವಾರದಲ್ಲಿ ಹೆರಿಗೆಗೆ ಮುಂಚಿನದು ಆರಕ್ಕಿಂತ ಹೆಚ್ಚಿರಬಾರದು ಅಂದಿತೇ ಹೊರತು, ಇಷ್ಟಾದರೂ ಇರಬೇಕು ಅನ್ನಲಿಲ್ಲ. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 12 ಇದ್ದದ್ದನ್ನ 26 ವಾರ ಮಾಡಿತು, ಮುಂಚಿನ ಮಿತಿಯನ್ನ ಎಂಟಕ್ಕೆ ಏರಿಸಿತು. ಮೂರನೇ ಮಗುವಿಗೆ ಹಳೇ 12 ವಾರವೇ. ತವರಿನ ಲೆಕ್ಕಾಚಾರ ಕಾಯ್ದೆಗೂ ಬಂದಂತಾಯ್ತು.

ಆಯ್ಕೆ ಸಿಕ್ಕಿದ್ದು ಒಳ್ಳೇದೇ. ಆರೋಗ್ಯ ಚೆನ್ನಾಗಿದ್ದು ಕೆಲಸ ಮಾಡೋ ಮನಸ್ಸಿರೋಳು ಮಾಡಲಿ. ಆದರೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದ ಮೇಲೆ ಏನಾಯ್ತು ಅಂತ ನಾವೇ ನೋಡ್ತಿದ್ದೀವಿ. ಒಂದು ಕಡೆ ಸುಸ್ತಾದ ತಾಯಿ, ಇನ್ನೊಂದು ಕಡೆ ಕೈಗೂಸು. ಇಬ್ಬರಲ್ಲಿ ಯಾರಿಗೆ ವಾರ ಕೊಡ್ತೀಯ ಅಂದ್ರೆ ಯಾವ ತಾಯಿ ತನಗೆ ಅಂತಾಳೆ? ನನಗೆ "ಉಳಿಸ್ಕೋ" ಅಂದವರೂ ಅದೇ ಉತ್ತರ ಕೊಟ್ಟವರು. ತಮ್ಮ ಇಷ್ಟ ಅಂದ್ಕೊಂಡು ಕೊಟ್ಟರು, ಆದರೆ ಪ್ರಶ್ನೆಯಲ್ಲೇ ಉತ್ತರ ಇತ್ತು.

ಇನ್ನು, ಈ ಕಾಯ್ದೆಯೊಳಗೆ ಯಾರು ಯಾವಾಗ ಬಂದ್ರು ಅನ್ನೋದು ಇನ್ನೊಂದು ಕಥೆ. 1961ರಲ್ಲಿ ಇದ್ದದ್ದು ಕಾರ್ಖಾನೆ, ಗಣಿ, ಪ್ಲಾಂಟೇಷನ್. 1973ರಲ್ಲಿ ಕುದುರೆ ಸವಾರಿ, ದೊಂಬರಾಟ ತೋರಿಸೋ ಕಡೆ ಕೆಲಸ ಮಾಡೋರು ಸೇರಿದ್ರು, ಅಂದ್ರೆ ಸರ್ಕಸ್ಸಿನವರು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಅಂಗಡಿ, ಸಂಸ್ಥೆಗಳು ಸೇರಿದ್ದು 1988ರಲ್ಲಿ. ಸಾಫ್ಟ್‌ವೇರ್ ಕಂಪನಿಯವರು ಬರೋದು ಈ ಬಾಗಿಲಿಂದ. ಸರ್ಕಸ್ಸಿನ ಹುಡುಗಿ ನಮಗಿಂತ ಹದಿನೈದು ವರ್ಷ ಸೀನಿಯರ್!

ಪ್ಲಾಂಟೇಷನ್ ಅನ್ನೋ ಪದ ಕಂಡಾಗ ನಮ್ಮ ಜಿಲ್ಲೆ ನೆನಪಾಯ್ತು. ಸಕಲೇಶಪುರದ ದೊಡ್ಡ ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೀಳೋ ಹೆಂಗಸಿಗೆ ಕಾಗದದ ಮೇಲಾದರೂ ಈ ಹಕ್ಕು ಆರು ದಶಕದಿಂದ ಇದೆ. ಅದೇ ಹಾಸನ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಅರಕಲಗೂಡು ತಾಲ್ಲೂಕಿನ ರಾಗಿ, ಆಲೂಗಡ್ಡೆ, ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡೋ ಹೆಂಗಸಿಗೆ ಇಲ್ಲ. ಅವಳ ಕೆಲಸ ಹಗುರ ಅಂತಲ್ಲ. ಅವಳ ಕೆಲಸಕ್ಕೆ ಹಾಜರಿ ಪುಸ್ತಕ ಇಲ್ಲ, ಅಷ್ಟೇ. ದಿನಗೂಲಿಯವರಿಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆದರೆ ಅದು ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಹೆಂಗಸರ ಮೊಕದ್ದಮೆ, ಅಲ್ಲಿ ಮಾಲೀಕ ಯಾರು ಅಂತ ಗೊತ್ತಿತ್ತು. ಇವತ್ತು ನಮ್ಮ ಹೊಲ, ನಾಳೆ ಇನ್ನೊಬ್ಬರದು ಅಂತ ಹೋಗೋಳಿಗೆ ರಜೆ ಕೊಡಬೇಕಾದವರು ಯಾರು?

ಇದನ್ನ ನಾನು ಎಲ್ಲೋ ಓದಿ ತಿಳಿಯಬೇಕಾಗಿರಲಿಲ್ಲ. ನಮ್ಮದೂ ಹೊಗೆಸೊಪ್ಪಿನ ಹೊಲ ಇದೆ. ಶ್ರಾವಣ ಅಂದ್ರೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ ಬೇಯಿಸೋ ಕಾಲ. ನಾನು ಬಂದ ಐದನೇ ದಿನ ನಮ್ಮ ಬ್ಯಾರನ್ ಹತ್ತಿರ ಸೊಪ್ಪು ಕಟ್ಟೋರ ಸಾಲಿನಲ್ಲಿ ನನ್ನಷ್ಟೇ ಹೊಟ್ಟೆ ಇರೋ ಒಬ್ಬಳು ಕೂತಿದ್ಲು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಹಸಿ ಸೊಪ್ಪಿನ ಅಂಟು, ಅದರಲ್ಲೂ ಮಳೇಲಿ ನೆಂದ ಸೊಪ್ಪಿಂದು, ಕೈಗೆ ಹತ್ತಿದ್ರೆ ತಲೆ ಸುತ್ತಿ ವಾಂತಿ ಬರುತ್ತೆ. ಚಿಕ್ಕವಳಿದ್ದಾಗ ನಾನೇ ಅನುಭವಿಸಿದ್ದೀನಿ. "ಎಷ್ಟು ತಿಂಗಳು?" ಅಂದೆ. "ಎಂಟು ನಡೀತೈತೆ ಅಕ್ಕ. ನಿಮ್ಗೆ?" "ನಂಗೂ." ಇಬ್ಬರೂ ನಕ್ಕೆವು. "ಮನೇಲಿ ಇರಬಾರ್ದಾ?" ಅಂದೆ. "ಕೂತ್ಕಂಡ್ರೆ ಯಾರ್ ಕೊಡ್ತಾರಕ್ಕ?"

ಸಂಜೆ ಅಪ್ಪನ ಹತ್ತಿರ ಮಾತು ತೆಗೆದೆ. "ಕೂಲಿ ಕೆಲ್ಸಕ್ಕೆ ಎಂಥ ರಜ ಮಗಾ?" ಅಂತ ಅಪ್ಪ ನಕ್ಕು ಸುಮ್ಮನಾದ. ನನ್ನ ಬಿಇ ಫೀಸು ಇದೇ ಹೊಗೆಸೊಪ್ಪಿನ ದುಡ್ಡಲ್ಲಿ ಕಟ್ಟಿದ್ದು. ಹೀಗೇ ಬಸುರಿಯಾಗಿ ಸೊಪ್ಪು ಕಟ್ಟಿದ ಎಷ್ಟು ಜನರ ಕೆಲಸ ಅದರಲ್ಲಿತ್ತೋ. ಆ ರಾತ್ರಿ ನಿದ್ದೆ ಬರಲಿಲ್ಲ. ಎಂಟನೇ ತಿಂಗಳಲ್ಲಿ ಹೇಗೂ ಬರಲ್ಲ ಅನ್ನಿ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2013ರ ಆಹಾರ ಭದ್ರತಾ ಕಾಯ್ದೆ, ಬೇರೆ ಕಡೆಯಿಂದ ಇಂಥ ಸೌಲಭ್ಯ ಇಲ್ಲದ ಬಸುರಿಯರಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕು ಅನ್ನುತ್ತೆ. 2017ರಲ್ಲಿ ಬಂದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಅದೂ ಕಂತಿನಲ್ಲಿ. ಅದೇ ವರ್ಷ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಶುರುವಾಯ್ತು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ. ಒಳ್ಳೆಯ ಯೋಜನೆಗಳೇ. ಆದರೆ ಐದು ಸಾವಿರವನ್ನ ನನಗೆ ಸಿಕ್ಕ 26 ವಾರಕ್ಕೆ ಭಾಗ ಹಾಕಿ ನೋಡಿ. ವಾರಕ್ಕೆ ಇನ್ನೂರು ರೂಪಾಯಿಯೂ ಬೀಳಲ್ಲ. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು ಅಂತ 1928ರಲ್ಲಿ ಅಂಬೇಡ್ಕರ್ ಹೇಳಿದ ಮಾತು ಇನ್ನೂ ಬಾಕಿ ಇದೆ.

ಈಗ ನನ್ನ ದಿನ ಹೀಗೆ ಕಳೀತಿದೆ. ಬೆಳಗ್ಗೆ ಒಂದು ಸುತ್ತು ನಡಿಗೆ. ಆಮೇಲೆ ಅಮ್ಮನ ಹಳೇ ಕಾಟನ್ ಸೀರೆಗಳನ್ನ ಮಗುವಿನ ಬಟ್ಟೆಗೆ ಅಂತ ಹರಿದು ಮಡಚೋದು. ಹೊಸದೇನೂ ಹುಟ್ಟೋಕೆ ಮುಂಚೆ ತರಬಾರದಂತೆ. ಮಧ್ಯಾಹ್ನ ಅಜ್ಜಿಯ ಅಳಗುಳಿಮಣೆ ಅಟ್ಟದಿಂದ ಇಳಿಸಿ ಅಮ್ಮನ ಜೊತೆ ಆಟ. ಹದಿನಾಲ್ಕು ಗುಳಿ, ಹುಣಸೆ ಬೀಜ. ಅಮ್ಮ ಕೈ ನೋಡದೆ ಬೀಜ ಬಿಟ್ಕೊಂಡು ಹೋಗ್ತಾಳೆ, ನಾನು ಮನಸ್ಸಲ್ಲೇ ಅಲ್ಗಾರಿದಮ್ ಹಾಕಿಯೂ ಸೋಲ್ತೀನಿ. "ಅಜ್ಜಿ ಬಸುರಿಯಾಗಿದ್ದಾಗ ಇದನ್ನ ಆಡ್ತಿದ್ಲಾ?" ಅಂತ ಕೇಳ್ದೆ. ಅಮ್ಮ ಹೇಳಿದ್ಲು: "ಅವ್ಳಿಗೆಲ್ಲಿ ಹೊತ್ತಿತ್ತು? ಈ ಮಣೆ ಅವ್ಳು ತಂದಿದ್ದೇ ನಾನು ಬಸುರಿಯಾದಾಗ, ನಂಗೇಂತ."

ಮೊನ್ನೆ ಆ ಹುಡುಗಿ ತಾಯಿ ಕಾರ್ಡು, ಪಾಸ್‌ಬುಕ್ಕು ಹಿಡ್ಕೊಂಡು ಮನೆಗೆ ಬಂದಿದ್ಲು, ನಾನೇ ಬರಹೇಳಿದ್ದೆ. ಅವಳ ಅರ್ಜಿ ಮುಂದೆ ಹೋಗಿರಲಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಒಂದಕ್ಷರ ವ್ಯತ್ಯಾಸ. ಇಂಥ ತಪ್ಪುಗಳನ್ನ ಹುಡುಕೋದಕ್ಕೇ ನನಗೆ ಹನ್ನೆರಡು ವರ್ಷದಿಂದ ಸಂಬಳ ಕೊಡ್ತಿರೋದು. ಜಗಲಿ ಮೇಲೆ ಅಂಗನವಾಡಿ ಟೀಚರ್ ಜೊತೆ ಮೂವರೂ ಕೂತು ಏನೇನು ತಿದ್ದಿಸಬೇಕು ಅಂತ ಪಟ್ಟಿ ಮಾಡಿದ್ವಿ. ಅಪ್ಪ ಒಳಗಿಂದ ಎಲ್ಲ ಕೇಳಿಸ್ಕೊಳ್ತಿದ್ದ. ಅವಳು ಹೊರಟಾಗ ಬಾಗಿಲಿಗೆ ಬಂದು, "ನಾಳೆಯಿಂದ ಸೊಪ್ಪು ಮುಟ್ಬೇಡ. ಹೆರಿಗೆ ಆಗೋಗಂಟ ಕೂಲಿ ಬತ್ತದೆ" ಅಂದ. ಕಾನೂನು ಹೇಳಿದ್ದಕ್ಕಲ್ಲ, ಮಗಳ ಮುಖ ನೋಡಿ. ಮಗಳು ಊರಿಗೆ ಬರದ ವರ್ಷ ಏನು ಕಥೆ ಅನ್ನೋ ಪ್ರಶ್ನೆ ಹಾಗೇ ಇದೆ.

ಅವಳು ಹೋದ ಮೇಲೆ ಅಳಗುಳಿಮಣೆ ಮತ್ತೆ ಹಾಸಿದ್ವಿ. ನಂದಿನ್ನೂ ಆರು ವಾರ ಚಿಲ್ಲರೆ ಇದೆ. ಈಗ ಅದನ್ನ ಮಗುವಿನ ಪಾಲಿನಿಂದ ಕದ್ದದ್ದು ಅಂತ ನಾನು ಎಣಿಸ್ತಿಲ್ಲ.