ಬ್ರೇಕ್ ವ್ಯಾನಿನ ನಾಯಿಗಳು

1890ರ ರೈಲ್ವೆ ಕಾಯ್ದೆ ಪ್ರಾಣಿಗಳ ತಲೆಗೆ ಬೆಲೆ ಕಟ್ಟಿಟ್ಟಿತ್ತು. ಸಾಗಣೆಯಲ್ಲಿ ಆನೆಯೋ ಕುದುರೆಯೋ ಸತ್ತರೆ ಕಂಪನಿ 500 ರೂಪಾಯಿಗಿಂತ ಹೆಚ್ಚು ಕೊಡಬೇಕಿರಲಿಲ್ಲ. ಒಂಟೆಗೂ ಕೋಡಿರುವ ದನಕ್ಕೂ 50. ಕತ್ತೆ, ಕುರಿ, ಆಡು, ನಾಯಿ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಲೆಗೆ 10 ರೂಪಾಯಿ. ನನ್ನದು ಇದಕ್ಕಿಂತ ಬೆಲೆಬಾಳುವ ಪ್ರಾಣಿ ಎಂದು ಮಾಲೀಕ ಮೊದಲೇ ಬರೆದುಕೊಟ್ಟು, ಅದಕ್ಕೆ ತಕ್ಕ ಹೆಚ್ಚುವರಿ ಹಣ ಕಟ್ಟಿದ್ದರೆ ಮಾತ್ರ ಬೇರೆ ಲೆಕ್ಕ. ನಾನು ಗಾರ್ಡ್ ಕೆಲಸಕ್ಕೆ ಸೇರಿ ತರಬೇತಿ ಶಾಲೆಯಲ್ಲಿ ನಿಯಮಗಳನ್ನು ಬಾಯಿಪಾಠ ಮಾಡುವ ಹೊತ್ತಿಗೆ ಆ ಹತ್ತು ಮೂವತ್ತಾಗಿತ್ತು, ಆನೆಯದು 1,500 ಆಗಿತ್ತು. 1989ರ ಹೊಸ ಕಾಯ್ದೆ ಬಂದ ಮೇಲೆ ನಾಯಿಗೆ 120, ಆನೆಗೆ 6,000. ಗುಣಿಸಿ ನೋಡಿ: ನೂರು ವರ್ಷದಲ್ಲಿ ಎಲ್ಲವೂ ಏರಿತು, ಆದರೆ ಐವತ್ತು ನಾಯಿಗೆ ಒಂದು ಆನೆ ಎಂಬ ಲೆಕ್ಕವನ್ನು ಯಾರೂ ಮುಟ್ಟಲಿಲ್ಲ.

ಇದೆಲ್ಲ ನೆನಪಾಗಲು ಕಾರಣವಿದೆ. ನಿವೃತ್ತನಾಗಿ ಹುಬ್ಬಳ್ಳಿಯಲ್ಲಿ ಕೂತಿರುವ ನನಗೆ ಈಚೆಗೆ ಫೋನು ಮಾಡುವವರು ಟಿಕೆಟ್ ಕನ್ಫರ್ಮ್ ಮಾಡಿಸಿಕೊಡಿ ಎಂದು ಕೇಳುವುದಿಲ್ಲ. ‘ಸರ್, ಬೆಂಗಳೂರಾಗ ಒಂದು ಬೀದಿ ನಾಯಿ ದತ್ತು ತಗೊಂಡೀವ್ರಿ, ಪುಣೆಕ್ಕ ಹೆಂಗ ತರೋದು?’ ಎನ್ನುತ್ತಾರೆ. ನಾನು ಸರ್ವೀಸಿನಲ್ಲಿದ್ದಾಗ ಇಂಥ ಪ್ರಶ್ನೆ ಕೇಳಿದವರೇ ಇಲ್ಲ. ಬೀದಿ ನಾಯಿಗೆ ಲಗೇಜ್ ಚೀಟಿ ಕಟ್ಟಿಸುವವರು ಆಗ ಎಲ್ಲಿದ್ದರು?

ರೈಲಿನಲ್ಲಿ ನಾಯಿಗೆ ಜಾಗ ಮಾಡಿದ್ದು ಸಾಹೇಬರಿಗಾಗಿ. 1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ದಂಡು ಎಂದರೆ ಪಲ್ಟಣ, ಪಲ್ಟಣ ಎಂದರೆ ಅಧಿಕಾರಿಗಳು, ಅಧಿಕಾರಿಗಳೆಂದರೆ ಬೇಟೆ, ಬೇಟೆ ಎಂದರೆ ನಾಯಿ. ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ಇಲ್ಲಿ ವರ್ಕ್‌ಶಾಪ್ ಕಟ್ಟಿತು. ನಮ್ಮ ರೈಲ್ವೆ ಕಾಲನಿಯ ಬಂಗಲೆಗಳಲ್ಲಿ ಟೆರಿಯರ್, ಸ್ಪ್ಯಾನಿಯಲ್ ಸಾಕಿದ್ದ ಡ್ರೈವರುಗಳ ಕತೆಗಳನ್ನು ನನಗಿಂತ ಹಿರಿಯ ಗಾರ್ಡುಗಳು ಹೇಳುತ್ತಿದ್ದರು. ವರ್ಗವಾದಾಗ ಮಂಚ, ಕಪಾಟು, ನಾಯಿ ಎಲ್ಲವೂ ಒಂದೇ ಗಾಡಿಯಲ್ಲಿ ಹೋಗಬೇಕು. ಮಾಲೀಕ ಫಸ್ಟ್ ಕ್ಲಾಸಿನಲ್ಲಿ, ಅವನ ನಾಯಿ ಗಾರ್ಡಿನ ವ್ಯಾನಿನಲ್ಲಿ. ಇಡೀ ವ್ಯವಸ್ಥೆ ನಿಂತದ್ದು ಈ ಜೋಡಿಯ ಮೇಲೆ. ನಾಯಿ ಇದೆ ಎಂದರೆ ಅದೇ ಗಾಡಿಯಲ್ಲಿ ಅದರ ಯಜಮಾನನೂ ಇದ್ದಾನೆ ಎಂದೇ ನಿಯಮ ಬರೆದವರು ನಂಬಿದ್ದರು.

ಇಂಗ್ಲೆಂಡಿನ ರೈಲ್ವೆಗಳಿಗೂ ನಾಯಿ ತಲೆನೋವೇ ಆಗಿತ್ತು. 1869ರಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಚಾರ್ಲ್ಸ್ ಕೀನ್ ಬರೆದ ವ್ಯಂಗ್ಯಚಿತ್ರವೊಂದಿದೆ. ಅದರಲ್ಲಿ ಒಬ್ಬ ರೈಲ್ವೆ ನೌಕರ ಪ್ರಾಣಿಗಳನ್ನು ಕಟ್ಟಿಕೊಂಡು ಬಂದ ಹೆಂಗಸಿಗೆ ನಿಯಮ ತಿಳಿಸಿ ಹೇಳುತ್ತಾನೆ. ಅವನ ಪ್ರಕಾರ ಬೆಕ್ಕೂ ನಾಯಿ, ಮೊಲವೂ ನಾಯಿ, ಆಮೆ ಮಾತ್ರ ಹುಳ, ಅದಕ್ಕೆ ಚಾರ್ಜ್ ಇಲ್ಲ. ಇದನ್ನು ನೋಡಿ ನಗುವವರು ನಮ್ಮ ಪಾರ್ಸಲ್ ಆಫೀಸುಗಳಲ್ಲಿ ಒಂದು ದಿನ ಕೂತು ಬರಬೇಕು. ಬೆಕ್ಕನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಎರಡು ತಾಸು ಚರ್ಚೆ ನಡೆದು, ಅಷ್ಟರಲ್ಲಿ ಗಾಡಿ ಹೊರಟೇ ಹೋದದ್ದನ್ನು ನಾನು ಕಂಡಿದ್ದೇನೆ.

ಇನ್ನು ಡಾಗ್ ಬಾಕ್ಸ್. ನೋಡದವರಿಗೆ ಹೇಳಬೇಕು. ಗಾರ್ಡಿನ ಕೋಣೆಯೊಳಗೆ ನೆಲಮಟ್ಟಕ್ಕೆ ಕಬ್ಬಿಣದ ತಗಡಿನ ಒಂದು ಗೂಡು. ಗಾಳಿಗೆ ಜಾಲರಿ, ಹೊರಗೊಂದು ಅಗಳಿ. ಮಧ್ಯಮ ಗಾತ್ರದ ನಾಯಿ ಮಲಗಬಹುದು, ತಿರುಗಲು ಕಷ್ಟಪಡಬೇಕು. ದೊಡ್ಡ ಅಲ್ಸೇಷಿಯನ್ ಹಿಡಿಸುವುದಿಲ್ಲ. ಈ ಸೇವೆಗೆ ನಾಯಿಯನ್ನು ತೂಗುವ ಪದ್ಧತಿ ಇಲ್ಲ. ವ್ಯಾನಿನಲ್ಲಿ ಹೋದರೆ 30 ಕಿಲೋ ಲಗೇಜಿನ ದರ, ಫಸ್ಟ್ ಕ್ಲಾಸ್ ಕೂಪೆಯಲ್ಲಿ ಯಜಮಾನನ ಜೊತೆಗೇ ಹೋದರೆ 60 ಕಿಲೋದ ದರ, ಬುಟ್ಟಿಯಲ್ಲಿ ಮಲಗುವ ಮರಿಯಾದರೆ 10 ಕಿಲೋದ್ದು. ಕೊರಳಪಟ್ಟಿ, ಸರಪಳಿ, ಅನ್ನ, ನೀರು ಎಲ್ಲ ಮಾಲೀಕನ ಹೊಣೆ. ಹೇಳದೆ ಕೇಳದೆ ಸ್ಲೀಪರ್ ಬೋಗಿಗೆ ನಾಯಿ ಹತ್ತಿಸಿ ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ವಸೂಲಿ.

ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ವ್ಯಾನಿನೊಳಗಿನ ಸತ್ಯ ಬೇರೆ. ಬ್ರೇಕ್ ವ್ಯಾನು ಗಾಡಿಯ ಬಾಲ. ಮೀಟರ್ ಗೇಜಿನ ಕಾಲದಲ್ಲಿ ಬಾಲ ಹೇಗೆ ಬೀಸುತ್ತಿತ್ತೆಂದರೆ ನಾವೇ ಸೀಟಿನ ಹಿಡಿ ಬಿಡುತ್ತಿರಲಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ಮುಂದಿನ ಬೋಗಿಗಳ ಎಳೆತ ಜಗ್ಗಾಟವೆಲ್ಲ ಕೊನೆಗೆ ನಮ್ಮ ವ್ಯಾನಿಗೆ ಬಂದು ಬಡಿಯುತ್ತಿತ್ತು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಘಾಟಿ ಇಳಿಯುವಾಗ ಬ್ರೇಕ್ ಬ್ಲಾಕುಗಳು ಕಾದು ವಾಸನೆ ಬರುವುದು, ಮೇಲೆ ಸುರಂಗಗಳ ಹೊಗೆ. ನಾಯಿಯ ಮೂಗಿಗೆ ಅದು ಹೇಗಿದ್ದಿರಬೇಕು! ಎಷ್ಟೋ ನಾಯಿಗಳು ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದವು. ಏಪ್ರಿಲ್‌ನಲ್ಲಿ ಗದಗ ದಾಟಿ ಬಾಗಲಕೋಟೆ, ವಿಜಯಪುರದ ಕಡೆಗೆ ಹೋಗುವಾಗ ಆ ತಗಡಿನ ಗೂಡು ರೊಟ್ಟಿಯ ಹಂಚಾಗುತ್ತಿತ್ತು. ನಾನು ಮಧ್ಯಾಹ್ನದ ಗಾಡಿಗಳಲ್ಲಿ ಅಗಳಿ ತೆಗೆದು ನಾಯಿಯನ್ನು ಹೊರಗೆ ಸರಪಳಿಯಲ್ಲಿ ನನ್ನ ಸಾಮಾನಿನ ಪೆಟ್ಟಿಗೆಯಾದ ಲೈನ್ ಬಾಕ್ಸಿಗೆ ಕಟ್ಟಿಕೊಳ್ಳುತ್ತಿದ್ದೆ. ನಿಯಮ ಏನೆನ್ನುತ್ತದೋ ಬಿಡಿ. ಈಗ ಪಿಂಚಣಿ ಬರುತ್ತಿದೆ, ಬರೆಯಲು ಅಡ್ಡಿಯಿಲ್ಲ.

ಯಜಮಾನರ ಪಾಡು ನೋಡುವ ಹಾಗಿರುತ್ತಿತ್ತು. ಅವರ ಬೋಗಿ ಗಾಡಿಯ ನಡುವೆ ಎಲ್ಲೋ, ನಾಯಿ ತುದಿಯಲ್ಲಿ. ಎರಡು ನಿಮಿಷದ ನಿಲುಗಡೆಯಲ್ಲಿ ನೀರಿನ ತಂಬಿಗೆ ಹಿಡಿದು ಓಡಿಬರುವಷ್ಟರಲ್ಲಿ ನಾನು ಹಸಿರು ಬಾವುಟ ಎತ್ತಿರುತ್ತಿದ್ದೆ. ಹುಬ್ಬಳ್ಳಿ, ಅರಸೀಕೆರೆಯಂಥ ದೊಡ್ಡ ನಿಲ್ದಾಣ ಬಂದರೆ ಮಾತ್ರ ಕೆಳಗಿಳಿಸಿ ಪ್ಲಾಟ್‌ಫಾರ್ಮಿನ ಕೊನೆಯ ಹುಲ್ಲಿಗೆ ಒಯ್ಯಲು ಪುರುಸೊತ್ತು. ಉಳಿದೆಡೆ ನೀರು ಹಾಕುತ್ತಿದ್ದವನು ಗಾರ್ಡು, ಇಲ್ಲವೆ ಪಾಯಿಂಟ್ಸ್‌ಮನ್. ‘ಗಾರ್ಡ್ ಸಾಹೇಬ್ರ, ಕಡೀತದೇನ್ರಿ?’ ಎಂದು ದೂರದಿಂದಲೇ ಕೇಳಿ, ಇಲ್ಲ ಎಂದರೆ ಹತ್ತಿರ ಬಂದು ಬಿಸ್ಕೀಟು ಹಾಕುವವರು ಪ್ರತಿ ಸ್ಟೇಷನ್ನಿನಲ್ಲೂ ಒಬ್ಬಿಬ್ಬರು ಇರುತ್ತಿದ್ದರು. ಅದು ಯಾವ ನಿಯಮಾವಳಿಯಲ್ಲೂ ಇಲ್ಲ.

ನಮ್ಮ ವಿಭಾಗದ ಗಾಡಿಗಳಲ್ಲಿ ಹೆಚ್ಚು ಓಡಾಡಿದ ಜಾತಿ ಯಾವುದೆಂದರೆ ಮುಧೋಳದ್ದು. ಗದಗ–ಹೋಟಗಿ ಮಾರ್ಗ 1884ರ ಹೊತ್ತಿಗೆ ಸಿದ್ಧವಾಗಿತ್ತು. ಆದರೆ ಮುಧೋಳಕ್ಕೆ ನನ್ನ ಸರ್ವೀಸಿನುದ್ದಕ್ಕೂ ರೈಲು ಇರಲಿಲ್ಲ, ಬಾಗಲಕೋಟೆಗೇ ಬರಬೇಕು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಸುತ್ತಲಿನ ಹಳ್ಳಿಗಳ ಬೇಟೆಗಾರರು ಸಾಕುತ್ತಿದ್ದ ತೆಳ್ಳಗಿನ, ಉದ್ದ ಮೂತಿಯ ನಾಯಿಗಳನ್ನು ಆರಿಸಿ ತಳಿ ಬೆಳೆಸಿದವರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಆ ಊರಿನ ಹೆಸರು ನಾಯಿಗೆ ಅಂಟಿಕೊಂಡಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು. ಇಷ್ಟೆಲ್ಲ ಗೌರವ ಬರುವ ಮೊದಲು ನಾನು ಕಂಡ ಮುಧೋಳ ಮರಿಗಳು ಬಿದಿರ ಬುಟ್ಟಿಯಲ್ಲಿ ಬರುತ್ತಿದ್ದವು. ಬುಟ್ಟಿಯ ಮೇಲೆ ಹಳೆಯ ಸೀರೆಯ ಅಂಚು ಕಟ್ಟಿ, ತೂತಿನಿಂದ ನಾಲ್ಕು ಮೂಗು. ತಂದವನು ಕುರುಬರ ಹುಡುಗ, ಪುಣೆಯಲ್ಲೋ ಸೋಲಾಪುರದಲ್ಲೋ ಕೊಳ್ಳುವವರು ಕಾದಿದ್ದಾರೆ. ರಾತ್ರಿಯೆಲ್ಲ ಅವನು ಬುಟ್ಟಿಯ ಪಕ್ಕವೇ ಕುಕ್ಕರಗಾಲಿನಲ್ಲಿ ಕೂತಿರುವನು. ಹಾಲು ಬೇಕಾದರೆ ಸ್ಟೇಷನ್ನಿನ ಚಹಾದವನ ಹತ್ತಿರ ಇಸಿದುಕೊಳ್ಳುವನು. ನಾಯಿ ಸಾಗಿಸುವ ಕಲೆ ಎಂದರೆ ಅದು, ಇವತ್ತಿಗೂ ಅದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ.

ಬೀದಿ ನಾಯಿಗೂ ರೈಲಿಗೂ ಇದ್ದ ಸಂಬಂಧ ಇನ್ನೊಂದು ಬಗೆಯದು. ಕಚ್ಚಿದ ನಾಯಿ ಊರಲ್ಲೇ ಉಳಿಯುತ್ತಿತ್ತು, ಕಚ್ಚಿಸಿಕೊಂಡವನು ರೈಲು ಹತ್ತುತ್ತಿದ್ದ. ಹುಚ್ಚು ನಾಯಿ ಕಡಿತದ ಚಿಕಿತ್ಸೆಗೆ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳಾದವು. ಮೆಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಗಂಬಿಯ ರೈಲು 1899ರಲ್ಲೇ ಬಂದಿದ್ದರಿಂದ ದಕ್ಷಿಣದ ಮೂಲೆಮೂಲೆಗಳಿಂದ ರೋಗಿಗಳು ಬೆಟ್ಟ ಹತ್ತಿದರು. ಊರಲ್ಲಿ ಉಳಿದ ನಾಯಿಗೆ ಮುನಿಸಿಪಾಲಿಟಿಯವರ ವಿಷದುಂಡೆಯೋ ಗುಂಡೋ ಕಾದಿರುತ್ತಿತ್ತು. ಕೊಲ್ಲುವ ಬದಲು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಯೇ ಬಿಡಬೇಕು ಎಂಬ ಕೇಂದ್ರದ ನಿಯಮ ಬಂದದ್ದು 2001ರಲ್ಲಿ. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳು 1991ರಿಂದಲೇ ಗಾಯಗೊಂಡ ಬೀದಿ ನಾಯಿಗಳನ್ನು ಎತ್ತಿ ತಂದು ಆರೈಕೆ ಮಾಡುತ್ತಿದ್ದವು. ಹಾಗೆ ಬದುಕಿದ ನಾಯಿಯನ್ನು ಮನೆಗೆ ಕರೆದೊಯ್ಯುವವರು ಹುಟ್ಟಿಕೊಂಡರು. ಕೆಲವೊಮ್ಮೆ ಆ ಮನೆ ಇನ್ನೊಂದು ರಾಜ್ಯದಲ್ಲಿರುತ್ತದೆ.

ತೊಡಕು ಶುರುವಾಗುವುದು ಇಲ್ಲೇ. ಸಾಹೇಬರ ನಾಯಿ ಯಜಮಾನನ ಜೊತೆ ಪಯಣಿಸಿತು. ದತ್ತು ನಾಯಿಗೆ ಯಜಮಾನ ಸಿಗುವುದು ಪಯಣ ಮುಗಿದ ಮೇಲೆ. ಅದಕ್ಕೆ ಹೊಸ ಮನೆಯವರ ವಾಸನೆಯೂ ಗೊತ್ತಿಲ್ಲ. ಹಿಂದೊಮ್ಮೆ ಕಾರಿನ ಗಾಲಿಗೆ ಸಿಕ್ಕು ಕಾಲು ಕಳಕೊಂಡ ನಾಯಿಗೆ ರೈಲಿನ ಸದ್ದು ಬೇರೆ. 1978ರ ಪ್ರಾಣಿ ಸಾಗಣೆ ನಿಯಮಗಳು ಈ ವಿಷಯದಲ್ಲಿ ರೈಲ್ವೆಯ ದರಪಟ್ಟಿಗಿಂತ ಹೆಚ್ಚು ಮನುಷ್ಯತ್ವದಿಂದ ಬರೆದಂಥವು. ಪಶುವೈದ್ಯರ ಪ್ರಮಾಣಪತ್ರ ಬೇಕು. ಹೊರಡುವ ಎರಡು ಗಂಟೆ ಮುಂಚೆ ತಿನ್ನಿಸಿ ಕುಡಿಸಿರಬೇಕು. ಬೇಸಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು. ರೈಲಿನಲ್ಲಿ ಆರು ಗಂಟೆಗಿಂತ ಹೆಚ್ಚಿನ ಪ್ರಯಾಣವಾದರೆ ನೋಡಿಕೊಳ್ಳಲು ಒಬ್ಬ ಜೊತೆಗಿರಲೇಬೇಕು. ಆ ಒಬ್ಬ ಯಜಮಾನನೇ ಆಗಬೇಕೆಂದೇನೂ ಇಲ್ಲ. ಇವತ್ತು ನಾಯಿ ಸಾಗಿಸುವ ಸ್ವಯಂಸೇವಕರು ಮಾಡುವುದು ಇದನ್ನೇ: ಆ ಊರಿಗೆ ಹೇಗೂ ಹೊರಟಿರುವ ಒಬ್ಬ ಪ್ರಯಾಣಿಕನನ್ನು ಹುಡುಕಿ ನಾಯಿಯನ್ನು ಅವನ ಹೆಸರಿಗೆ ಬುಕ್ ಮಾಡಿಸುತ್ತಾರೆ.

ನನ್ನ ಪರಿಚಯದವರ ಮಗಳಿಗೆ ಹಾಗೆ ಸಿಕ್ಕವನು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ನಾಯಿ ಮೂರು ಕಾಲಿನದು, ಕಂದು ಬಣ್ಣ. ಒಂದು ದೊಡ್ಡ ನಿಲ್ದಾಣದ ಪಾರ್ಸಲ್ ಆಫೀಸಿನವರು ಈ ಗಾಡಿಯಲ್ಲಿ ಡಾಗ್ ಬಾಕ್ಸೇ ಇಲ್ಲ ಎಂದು ವಾಪಸು ಕಳಿಸಿದರು. ಮರುದಿನ ಅದೇ ಗಾಡಿಗೆ ಬೇರೆ ಗುಮಾಸ್ತರು ಚೀಟಿ ಹರಿದುಕೊಟ್ಟರು. ಬಾಕ್ಸ್ ರಾತ್ರೋರಾತ್ರಿ ಹುಟ್ಟಿರಲಾರದು. ವಿದ್ಯಾರ್ಥಿ ಪ್ರತಿ ನಿಲ್ದಾಣದಲ್ಲೂ ಇಳಿದು ಓಡಿದ. ನಾಯಿ ಪುಣೆ ಮುಟ್ಟಿತು.

ಇನ್ನೊಂದು ಬದಲಾವಣೆಯನ್ನು ಹೇಳಲೇಬೇಕು. ಹಳೆಯ ನೀಲಿ ಬೋಗಿಗಳ ಜಾಗಕ್ಕೆ ಜರ್ಮನ್ ಮಾದರಿಯ ಎಲ್‌ಎಚ್‌ಬಿ ಬೋಗಿಗಳು ಬಂದವು. ಅಂಥ ಗಾಡಿಗಳಲ್ಲಿ ಗಾರ್ಡಿನ ಕೋಣೆ ಇರುವುದು ಹೆಚ್ಚಾಗಿ ಪವರ್ ಕಾರಿನಲ್ಲಿ, ಗೋಡೆಯಾಚೆಗೆ ಡೀಸೆಲ್ ಜನರೇಟರ್. ಅದು ಓಡುತ್ತಿದ್ದರೆ ಮನುಷ್ಯನಿಗೇ ಕಿವಿ ಹೋಗುತ್ತದೆ. 2022ರಲ್ಲಿ ಗಾರ್ಡ್ ಎಂಬ ಹೆಸರನ್ನು ತೆಗೆದು ಟ್ರೇನ್ ಮ್ಯಾನೇಜರ್ ಎಂದರು. ಹೆಸರು ದೊಡ್ಡದಾಯಿತು, ನಾಯಿಯ ಗೂಡು ಇದ್ದಷ್ಟೇ ಇದೆ.

ಕಡಲಾಚೆಯ ದತ್ತು ಇನ್ನೂ ಕಷ್ಟವಾಗಿದೆ. ಟೊರಾಂಟೊದಲ್ಲಿರುವ ಕನ್ನಡಿಗರೊಬ್ಬರು ಬೆಂಗಳೂರಿನ ನಾಯಿಯನ್ನು ತರಿಸಿಕೊಳ್ಳುವ ದಾರಿ ಕೇಳಿದ್ದರು. 2022ರ ಸೆಪ್ಟೆಂಬರ್ 28ರಿಂದ ಕೆನಡಾ ರೇಬಿಸ್ ಹೆಚ್ಚಿರುವ ದೇಶಗಳಿಂದ ದತ್ತು ಕೊಡಲೆಂದು ತರುವ ನಾಯಿಗಳಿಗೆ ಬಾಗಿಲು ಮುಚ್ಚಿದೆ, ಭಾರತವೂ ಆ ಪಟ್ಟಿಯಲ್ಲಿದೆ. ಅಮೆರಿಕ 2021ರ ಜುಲೈನಲ್ಲಿ ಇಂಥದೇ ತಡೆ ಹಾಕಿ, 2024ರ ಆಗಸ್ಟ್‌ನಿಂದ ಹೊಸ ನಿಯಮ ತಂದಿದೆ: ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು, ಭಾರತದಂಥ ದೇಶದಿಂದ ಹೊರಟರೆ ರೇಬಿಸ್ ಲಸಿಕೆಯ ಕಾಗದಪತ್ರಗಳೂ ಬೇಕು. ಇದನ್ನು ಕ್ರೌರ್ಯ ಎಂದು ಬೈಯುವವರಿದ್ದಾರೆ. ನಾನು ಬೈಯಲಾರೆ. 1902ರ ಹೊತ್ತಿಗೆ ರೇಬಿಸ್ ಮುಕ್ತವಾಗಿದ್ದ ಬ್ರಿಟನ್ನಿಗೆ 1918ರಲ್ಲಿ ರೋಗ ಮರಳಿದ್ದು ಯುದ್ಧ ಮುಗಿಸಿ ಬಂದ ಸೈನಿಕರು ಕದ್ದು ತಂದ ನಾಯಿಗಳಿಂದ. ಅದನ್ನು ಮತ್ತೆ ಅಳಿಸಲು 1922ರವರೆಗೆ ಹೆಣಗಬೇಕಾಯಿತು. ಟೊರಾಂಟೊದವರಿಗೆ ನಾನು ಹೇಳಿದ್ದು ಇಷ್ಟೇ: ಅಲ್ಲಿಯ ಆಶ್ರಯಧಾಮದ ನಾಯಿಯನ್ನೇ ಸಾಕಿಕೊಳ್ಳಿ, ಇಲ್ಲಿಯದರ ಖರ್ಚಿಗೆ ಹಣ ಕಳಿಸಿ.

ದೇಶದೊಳಗೆ ಕಳಿಸುವವರಿಗೆ ನನ್ನ ಮಾತು ಇದು. ಏಪ್ರಿಲ್, ಮೇ ತಿಂಗಳಲ್ಲಿ ಕಳಿಸಬೇಡಿ. ಹಗಲು ಗಾಡಿಗಿಂತ ರಾತ್ರಿ ಗಾಡಿ ಮೇಲು. ಗಾಡಿ ಹೊರಡುವ ಬಹಳ ಮೊದಲೇ ಪಾರ್ಸಲ್ ಆಫೀಸಿಗೆ ಹೋಗಿ ಬಾಕ್ಸ್ ಇದೆಯೇ ಎಂದು ಕೇಳಿ, ಇಲ್ಲ ಎಂದರೆ ಬರವಣಿಗೆಯಲ್ಲಿ ಕೊಡಿ ಎನ್ನಿ. ಲಸಿಕೆಯ ಕಾಗದದ ಎರಡು ಪ್ರತಿ ಇಟ್ಟುಕೊಳ್ಳಿ. ಬಾಕ್ಸಿಗೆ ಹಾಕುವ ಮುನ್ನ ಟ್ರೇನ್ ಮ್ಯಾನೇಜರನ್ನು ಕಂಡು ನಾಯಿಯ ಹೆಸರು ಹೇಳಿ, ಕಚ್ಚುತ್ತದೋ ಇಲ್ಲವೋ ಅದನ್ನೂ ಹೇಳಿ. ನಿಮ್ಮ ಬೋಗಿ ಸಂಖ್ಯೆ, ಫೋನ್ ನಂಬರ್ ಅವರ ಕೈಗೆ ಕೊಡಿ. ಜೊತೆಗೆ ಹೋಗುವವರು ಯಾರೂ ಸಿಗದಿದ್ದರೆ ಸಿಗುವ ತನಕ ಕಾಯಿರಿ, ನಾಯಿಯನ್ನು ಒಂಟಿಯಾಗಿ ಹತ್ತಿಸಬೇಡಿ.