‘ಹೊಡಿ’: ಒಂದು ಪದ, ನೂರು ಕೆಲಸ

ಇವತ್ತಿನ ಇತಿಹಾಸದ ಕಥೆ ರಾಜರದ್ದಲ್ಲ, ಕೋಟೆಯದ್ದೂ ಅಲ್ಲ. ಒಂದೇ ಒಂದು ಕ್ರಿಯಾಪದದ್ದು: ‘ಹೊಡಿ’.

ಮೊದಲು ಇಂಗ್ಲಿಷ್ ನೋಡೋಣ. ‘ಹಿಟ್ ದ ರೋಡ್’ ಅಂದ್ರೆ ಹೊರಡೋದು, ‘ಹಿಟ್ ದ ಸ್ಯಾಕ್’ ಅಂದ್ರೆ ಮಲಗೋದು. ರಸ್ತೆಗೂ ಏಟಿಲ್ಲ, ಹಾಸಿಗೆಗೂ ಏಟಿಲ್ಲ. ಅಸಲಿಗೆ ಈ ‘ಹಿಟ್’ ಇಂಗ್ಲಿಷರ ಸ್ವಂತ ಪದವೂ ಅಲ್ಲ. ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ‘ಹಿಟ್ಟಾ’ ಅಂದ್ರೆ ಎದುರಾಗು, ಸಿಗು.

ಈಗ ನಮ್ಮ ಮಾನ್ವಿ ತಾಲೂಕಿನ ನೀರಮಾನ್ವಿ ಕಡೆ ಬರೋಣ. ನಮ್ಮ ‘ಹೊಡಿ’ ಹಳಗನ್ನಡದಲ್ಲಿ ‘ಪೊಡೆ’. ‘ಪಾಲು’ ಹೋಗಿ ‘ಹಾಲು’ ಆದಂಗೆ ಇದೂ ಬದಲಾಯ್ತು. ಈ ಕಡೆ ಹೊಲದಲ್ಲಿ ಗಳೇವು ಹೊಡೀತಾರೆ, ಕುಂಟಿ ಹೊಡೀತಾರೆ, ಬಂಡಿ ಹೊಡೀತಾರೆ. ಎಲ್ಲದರ ಮುಂದೆ ಎತ್ತು ಇತ್ತು, ಕೈಯಲ್ಲಿ ಬಾರುಕೋಲಿತ್ತು. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ. ಅದನ್ನೂ ‘ಹೊಡೀತಾರೆ’!

1948ರ ಸೆಪ್ಟೆಂಬರ್ ತನಕ ರಾಯಚೂರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡದ ಜೊತೆ ತೆಲುಗೂ ಕಿವಿಗೆ ಬೀಳ್ತಿತ್ತು. ಕಣ್ಣು ಮಿಟುಕಿಸೋದಕ್ಕೆ ಉರ್ದುವಿನಲ್ಲಿ ‘ಆಂಖ್ ಮಾರ್ನಾ’, ತೆಲುಗಿನಲ್ಲಿ ‘ಕನ್ನು ಕೊಟ್ಟು’, ನಮ್ಮಲ್ಲಿ ‘ಕಣ್ಣು ಹೊಡಿ’. ಭಾಷೆ ಮೂರು, ಹೊಡೆತ ಒಂದೇ.

ಯಂತ್ರಗಳು ಬಂದ ಮೇಲೂ ಈ ಪದಕ್ಕೆ ಕೆಲಸ ತಪ್ಪಲಿಲ್ಲ. ‘ಟೆಲಿಗ್ರಾಂ ಹೊಡಿ’ ಅಂದಾಗ ತಂತಿ ಕಚೇರಿಯಲ್ಲಿ ಬೆರಳು ನಿಜಕ್ಕೂ ಕಟಕಟ ಅಂತ ಕೀಲಿ ಹೊಡೀತಿತ್ತು. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆ ನಿಂತಿತು, ‘ಹೊಡಿ’ ನಿಲ್ಲಲಿಲ್ಲ. ಈಗ ಸ್ಕ್ರೀನ್ ಮೇಲೆ ಬೆರಳು ಸವರ್ತೀವಿ, ಆದ್ರೂ ಮೆಸೇಜ್ ‘ಹೊಡೀತೀವಿ’. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿ ಇದನ್ನ ಹುಡುಕಿದ್ರೆ ಎಲ್ಲಿ ಸಿಗಬೇಕು?

ಇನ್ನೊಂದು ಬಳಕೆ ಇದೆ, ಅದರ ಹಿಂದೆ ನೀರಿನ ಚರಿತ್ರೆ ಇದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಯ್ತು. ಮುಂದೆ ಎಡದಂಡೆ ಕಾಲುವೆ ನೀರು ಮಾನ್ವಿ ಕಡೆ ಹರಿದು, ಜೋಳ ಬೆಳೀತಿದ್ದ ಎಷ್ಟೋ ಎರೆಹೊಲ ಭತ್ತದ ಗದ್ದೆಯಾದವು. ಭತ್ತಕ್ಕೆ, ಹತ್ತಿಗೆ, ಮೆಣಸಿನಕಾಯಿಗೆ ಕೀಟನಾಶಕ ಬಂತು. ಅದನ್ನ ಸಿಂಪಡಿಸೋದಕ್ಕೆ ಇಲ್ಲಿನ ಮಾತು ‘ಎಣ್ಣಿ ಹೊಡಿಯೋದು’.

ಬೆಂಗಳೂರಿನಲ್ಲಿ ಇದೇ ಮಾತಿಗೆ ಅರ್ಥ ಬೇರೆ: ಹೆಂಡ ಕುಡಿಯೋದು. ಈ ಕಡೆಯ ಹುಡುಗ ಅಲ್ಲಿನ ಹಾಸ್ಟೆಲಿನಲ್ಲಿ ‘ನಮ್ಮಪ್ಪ ಮುಂಜಾನಿಂದ ಎಣ್ಣಿ ಹೊಡಿಯಾಕ ಹತ್ಯಾನ’ ಅಂದ್ರೆ ರೂಮಿನವರು ಬಿದ್ದು ಬಿದ್ದು ನಗ್ತಾರೆ. ಮುಂದಿನ ಸಲ ಆ ಹುಡುಗ ಬಾಯಿಬಿಡೋಕೇ ಹಿಂಜರೀತಾನೆ. ಅಪ್ಪ ಮಾತ್ರ ಅಲ್ಲಿ ಬೆನ್ನಿಗೆ ಪಂಪು ಹೊತ್ತು, ಮೂಗಿಗೆ ಟವೆಲ್ ಸುತ್ಕೊಂಡು, ಬಿಸಿಲಲ್ಲಿ ವಿಷದ ಹನಿಗಳ ನಡುವೆ ನಡೀತಿರ್ತಾರೆ.

ನಾಚಿಕೆ ಪಡೋ ಮಾತಲ್ಲ ಇದು. ಬಾರುಕೋಲಿನಿಂದ ಮೊಬೈಲ್ ತನಕ ನಮ್ಮ ಜನ ಮಾಡಿದ ಕೆಲಸವೆಲ್ಲ ಈ ಒಂದು ಪದದಲ್ಲಿ ಜಮಾ ಆಗಿದೆ. ಎಚ್ಚರ ಇರಬೇಕಾದ್ದು ಇನ್ನೊಂದು ಪದದ ಬಗ್ಗೆ. ‘ಎಣ್ಣಿ’ ಅಂತ ಕರೆದು ಕರೆದು, ಅದು ವಿಷ ಅನ್ನೋದೇ ಮರೆತುಹೋಗುತ್ತೆ.

ಈ ಸಂಚಿಕೆ ಮುಗಿದ ಮೇಲೆ ಊರಿಗೆ ಒಂದು ಫೋನ್ ಹೊಡೀರಿ. ‘ಎಣ್ಣಿ ಹೊಡಿಯಾಗ ಕೈಗೆ ಗ್ಲೌಸ್, ಮುಖಕ್ಕ ಮಾಸ್ಕ್ ಹಾಕ್ಕೊಂತಿಯೇನು ಯಪ್ಪಾ?’ ಅಂತ ಕೇಳ್ರಿ.